ಒಂದು ಗಂಟೆಯ ದಾರಿ

ಪ್ರೀತಿಯ ಅಕ್ಕಾ,

ಅಮ್ಮನ ಟಿಕೆಟ್ ಬಂತು. ಬೆಳಿಗ್ಗೆ ಹತ್ತಕ್ಕೆ ಹೊರಟು ಅದೇ ದಿನ ಹನ್ನೊಂದಕ್ಕೆ ನಿನ್ನೂರು ಎಂದು ಓದಿ ಮಂಕಾದಳು. "ಒಂದೇ ಗಂಟೆ ದಾರೀನಾ? ಮತ್ತೆ ಹನ್ನೆರಡು ವರ್ಷ ಯಾಕೆ ಬರ್ಲಿಲ್ಲ ಅವಳು?"

ಹೊಲಿಗೆ ಬಿಟ್ಟು, ನನ್ನ ಟೇಪನ್ನು ಭೂಪಟದ ಮೇಲೆ ಹಿಡಿದೆ. ನಡುವೆ ಬರೀ ಸಮುದ್ರ. ಹಾರಾಟ ಹದಿನಾಲ್ಕು ಗಂಟೆ, ಅಲ್ಲಿಯ ಗಡಿಯಾರವೇ ಹಿಂದೆ ಎಂದು ಬಿಡಿಸಿ ಹೇಳಿದೆ. ಆ ನೀಲಿಯ ಮೇಲೆ ಬೆರಳಾಡಿಸುತ್ತಾ, ಕನಸಿನಲ್ಲಿದ್ದವಳಂತೆ "ಸದ್ಯ, ದೂರ ಇದೆ" ಎಂದು ನಕ್ಕಳು.

ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಮೋಡಗಳು ಈಗಲೇ ಅವಳ ಕಣ್ಣಲ್ಲಿವೆ. ಸ್ವೆಟರಿಗೆ ಒಳಜೇಬು ಹೊಲಿದಿದ್ದೇನೆ, ಮಾತ್ರೆ ಅದರಲ್ಲಿದೆ.

ಇನ್ನೊಂದೇ ಮಾತು. ಎರಡು ಸಲ ಆಫೀಸಿನ ಕೆಲಸಕ್ಕೆಂದು ಬಂದು, ಮನೆ ಮೆಟ್ಟಿಲು ಹತ್ತದೆ ನನ್ನ ಅಂಗಡಿಯಿಂದಲೇ ವಾಪಸ್ ಹೋದೆಯಲ್ಲ, ಅದನ್ನು ಅಮ್ಮನ ಮುಂದೆ ಬಾಯಿಬಿಡಬೇಡ.

ಟೇಪು ಕೊರಳಲ್ಲೇ ಇರುವ
ನಿನ್ನ ತಂಗಿ