ಚಿಂತಾಕಿಯ ಎರೆಮಣ್ಣು

೩ ಜೂನ್, ಬೀದರ್

ಚಿಂತಾಕಿ ಅಂಗನವಾಡಿ ಜಾಗದ ಮಣ್ಣು ಉಬ್ಬುವುದಿಲ್ಲ ಎಂಬ ವರದಿಗೆ ಸಹಿ ಹಾಕಿದವಳು ನಾನೇ. ಭೂಮಿಪೂಜೆಗೆಂದು ಮೇಲೆ ಹರಡಿದ್ದ ಕೆಂಪು ಮುರುಮು, ಆ ಗರಸು ಮಣ್ಣನ್ನೇ ಪರೀಕ್ಷೆಗೆ ತಂದಿದ್ದೆ; ಕೆಳಗೆ ಅಗೆದು ನೋಡಲಿಲ್ಲ. ಅನುಮಾನ ಬಂದು ನಿನ್ನೆ ಅಡಿಯ ಕಪ್ಪು ಎರೆಮಣ್ಣು ತರಿಸಿ ಎರಡು ಅಳತೆಗಾಜುಗಳಲ್ಲಿ ನೆನೆಹಾಕಿದೆ, ಒಂದರಲ್ಲಿ ನೀರು, ಹೋಲಿಕೆಗೆ ಇನ್ನೊಂದರಲ್ಲಿ ಮಣ್ಣನ್ನು ಉಬ್ಬಿಸದ ಸೀಮೆಎಣ್ಣೆ. ಇಂದು ಸಂಜೆ ಸೀಮೆಎಣ್ಣೆಯಲ್ಲಿದ್ದದ್ದು ಹತ್ತರ ಗೆರೆಯಲ್ಲೇ ಇತ್ತು, ನೀರಿನಲ್ಲಿದ್ದದ್ದು ಎರಡು ಪಟ್ಟು ಮೀರಿ ಉಬ್ಬಿ ಇಪ್ಪತ್ತೊಂದಕ್ಕೆ ಏರಿತ್ತು. ನಾಳೆ ಬೆಳಿಗ್ಗೆ ಅಡಿಪಾಯಕ್ಕೆ ಕಾಂಕ್ರೀಟ್ ಹಾಕುತ್ತಾರೆ.

ಗುತ್ತಿಗೆದಾರ ಮಂಗೇಶರಿಗೆ ಫೋನ್ ಮಾಡಿ, ಮಳೆಗೆ ಮಣ್ಣು ಉಬ್ಬಿ ಗೋಡೆ ಸೀಳುತ್ತದೆ ಎಂದೆ.

"ಮಣ್ಣಿಗೂ ಹೊಟ್ಟಿ ಬರ್ತದೇನ್ರಿ ಮೇಡಂ?" ಎಂದು ನಕ್ಕರು. "ನಿಮ್ಮ ಸಹಿನೇ ಅದ ಅಲ್ರಿ. ತಪ್ಪಾಗ್ಯದಂತ ಬರದು ಕೊಡ್ರಿ, ನಿಲ್ಲಸ್ತೇನಿ."

ಮೊದಲು ಫೋನಿನಲ್ಲಿ 'ಮರುಪರೀಕ್ಷೆ ಅಗತ್ಯ' ಎಂದು ಬರೆದೆ. ಎಷ್ಟು ಜಾಣತನ ನನಗೆ. ಅಳಿಸಿ, 'ತಪ್ಪು ನನ್ನದು' ಎಂದು ಬರೆದು ಕಳುಹಿಸಿದೆ. ಅವರು ಇನ್ನೂ ನೋಡಿಲ್ಲ. ಚಿಂತಾಕಿಯ ದಾರಿಯಲ್ಲಿರುವ ಔರಾದಿಗೆ ಮೊದಲ ಬಸ್ಸು ಬೆಳಿಗ್ಗೆ ಐದೂವರೆಗೆ. ಕಾಂಕ್ರೀಟ್ ಸುರಿಯುವ ಮೊದಲು ಆ ಅಡಿಪಾಯದ ಗುಂಡಿಯ ಹತ್ತಿರ ತಲುಪಿದರೆ ಸಾಕು.