ಸ್ವಾವಲಂಬಿ ಊರಿಗೆ ಸೇತುವೆ ಏಕೆ?

ಗ್ರಾಮ ಸನ್ನದ್ಧತೆಯ ಸಮೀಕ್ಷೆ ನಡೆಸಿದ ಮಾನ್ಯ ಅಧಿಕಾರಿಗಳೇ,

ನೀವು ನಮ್ಮೂರನ್ನು ಹೊಗಳಿ ಹಾಳು ಮಾಡಿದಿರಿ. ನಮ್ಮ ಹಳ್ಳಕ್ಕೆ ಮಂಜೂರಾಗಿದ್ದ ಕಾಲುಸೇತುವೆ ನಿಮ್ಮದೇ ಶಿಫಾರಸಿನ ಮೇಲೆ ಬೇರೆ ಊರಿನ ಪಾಲಾಯಿತು. ಕಾರಣ ಕೇಳಿದರೆ ಕಚೇರಿಯಲ್ಲಿ ಸಿಕ್ಕ ಉತ್ತರ ಒಂದೇ: 'ನಿಮ್ಮದು ಸ್ವಾವಲಂಬಿ ಗ್ರಾಮ.'

ಹೋದ ವರ್ಷದ ಬೇಸಿಗೆಯಲ್ಲಿ ನೀವು ಬಂದದ್ದು ನೆನಪಿದೆಯೇ? ಹಳಿಯಾಳ ತಾಲೂಕಿನ ಅಂಚಿನಲ್ಲಿ, ಕಾಡಿಗೆ ಹತ್ತಿಕೊಂಡಿರುವ ನಮ್ಮೂರಿಗೆ ಒಣ ಹಳ್ಳ ದಾಟಿ ನಿಮ್ಮ ವಾಹನ ಸಲೀಸಾಗಿ ಬಂದಿತ್ತು. ಮಳೆಗಾಲದಲ್ಲಿ ದಾರಿ ಬಂದಾದರೆ ಹೇಗೆ ಬದುಕುತ್ತೀರಿ ಎಂದು ವಿಚಾರಿಸಿದಿರಿ. ನಮ್ಮ ಪಕ್ಕದ ಮನೆಯ ಮಾಲವ್ವ ಹಿಗ್ಗಿನಿಂದ ಎಲ್ಲವನ್ನೂ ತೋರಿಸಿದಳು. ಕಣಜದ ಭತ್ತ, ಬೂದಿ ಸವರಿಟ್ಟ ಬೀಜ, ಒಟ್ಟಿದ ಕಟ್ಟಿಗೆ, ಎಂದೂ ಬತ್ತದ ಒರತೆ. "ಮಳಿ ಹಿಡೀತಂದ್ರ ನಾವು ಯಾರ ಬಾಗಿಲಿಗೂ ಹೋಗಂಗಿಲ್ರಿ ಸಾಹೇಬ್ರ" ಎಂದಳು. ಅವಳು ಬಡಿಸಿದ ರೊಟ್ಟಿ ಉಂಡು ನೀವು "ಇದು ಮಾದರಿ ಊರು" ಎಂದಿರಿ. ನಾವು ನಂಬಿದೆವು. ಕಣಜದಲ್ಲಿ ಭತ್ತವಿದ್ದವರಿಗೆ ಆಸ್ಪತ್ರೆಯ ದಾರಿ ಬೇಡ ಎಂಬುದನ್ನು ನಿಮಗೆ ಯಾರು ಕಲಿಸಿದರು, ಮಾನ್ಯರೇ? ಕಾಳು ಕೂಡಿಡಬಹುದು. ಹೆರಿಗೆಯ ವೈದ್ಯರನ್ನು ಯಾವ ಗಡಿಗೆಯಲ್ಲಿ ಕೂಡಿಡಬೇಕು?

ಈ ಮಳೆಗಾಲದಲ್ಲಿ ಮಾಲವ್ವನ ಮಗಳು ಜ್ಯೋತಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬುವ ಮೊದಲೇ ಒಂದು ಬೆಳಿಗ್ಗೆ ನೋವು ಶುರುವಾಯಿತು. ಹಳ್ಳ ದಡ ಮೀರಿತ್ತು. ಫೋನು ಮಾಡಿದ ಕೂಡಲೇ ದಾಂಡೇಲಿಯ ಮೆಕ್ಯಾನಿಕ್ ಸಿಕಂದರ ತನ್ನ ಜೀಪು ತಂದು ಆಚೆ ದಡದಲ್ಲಿ ನಿಂತ. "ಅಕ್ಕಾರ, ಹಗ್ಗ ಒಗೀರಿ! ಹೆಂಗರ ಮಾಡಿ ದಾಟಸೂಣು!" ಎಂದು ಕೂಗಿದ. ಹಗ್ಗ ಎಸೆದೆವು. ಅವನು ಅದನ್ನು ಮರಕ್ಕೆ ಬಿಗಿದು ಸೊಂಟದ ತನಕ ನೀರಿಗಿಳಿದ. ತೇಲಿಬಂದ ದಿಮ್ಮಿಯೊಂದು ಅವನನ್ನು ಕೆಡವಿತು. ಹಗ್ಗ ಹಿಡಿದೇ ಹೇಗೋ ದಡ ಸೇರಿದ. ಮತ್ತೆ ಇಳಿಯಹೋದವನನ್ನು ನಾವೇ ಕೂಗಿ ತಡೆದೆವು.

ಸಂಜೆಗೆ ನೀರು ಇಳಿಯಿತು. ಮಂಚದ ಮೇಲೆ ಜ್ಯೋತಿಯನ್ನು ಹೊತ್ತು ದಾಟಿಸಿದೆವು. ಆಸ್ಪತ್ರೆಯಲ್ಲಿ ಜ್ಯೋತಿ ಉಳಿದಳು. ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. "ಸ್ವಲ್ಪ ಬೇಗ ಕರೆತಂದಿದ್ದರೆ" ಎಂದರು ವೈದ್ಯರು. ಸಿಕಂದರ ಗೋಡೆಗೆ ಮುಖ ಮಾಡಿ ಅತ್ತ.

ಮಾಲವ್ವ ಅಳಲಿಲ್ಲ. ಮರಳಿ ಬರುವಾಗ ಜೀಪಿನಲ್ಲಿ ನನ್ನ ಕೈ ಹಿಡಿದು ಕೇಳಿದಳು: "ದ್ರಾಕ್ಷಾಯಣಿ, ಅವತ್ತ ಸಾಹೇಬ್ರ ಮುಂದ ನಾ ಮನ್ಯಾಗ ಏನೂ ಇಲ್ಲರೀ ಅಂದಿದ್ರ ಕೂಸು ಉಳೀತಿತ್ತೇನ?"

ಆ ಪ್ರಶ್ನೆಯನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ದುಡಿದು ಬಾಳಿದ್ದೇ ತಪ್ಪು ಎಂದು ಒಬ್ಬ ಹೆಂಗಸು ನಂಬುವಂತೆ ಮಾಡಿದಿರಲ್ಲ, ಇದು ಯಾವ ಸನ್ನದ್ಧತೆ?

ಆ ಶಿಫಾರಸನ್ನು ಹಿಂಪಡೆಯಿರಿ. ಮುಂದಿನ ಮಳೆಗೆ ಮೊದಲು ನಮ್ಮ ಸೇತುವೆ ಕಟ್ಟಿಸಿ. ಅದಕ್ಕೂ ಮುಂಚೆ ಒಮ್ಮೆ ಮಾಲವ್ವನ ಎದುರು ಕುಳಿತು, ತಪ್ಪು ಅವಳದಲ್ಲ ಎಂದು ನಿಮ್ಮ ಬಾಯಿಂದಲೇ ಹೇಳಿ. ನಾವು ಹೇಳಿದರೆ ಅವಳು ನಂಬುತ್ತಿಲ್ಲ.

ಇಂತಿ,
ನಿಮ್ಮ ಹೊಗಳಿಕೆ ಸಾಕಾದ
ದ್ರಾಕ್ಷಾಯಣಿ