ಗ್ವೀರಾದ ಮೈಕ್

ಸಾಂತಿಯಾಗೊ, ಗುರುವಾರ

ಡಾನ್ ಎಲಾದಿಯೊ ಮೇಷ್ಟ್ರಿಗೆ,

ನಿಮ್ಮ ಆಶೀರ್ವಾದ ಬೇಡಿ ಬರೆಯುತ್ತಿದ್ದೇನೆ. “ಸ್ಟುಡಿಯೋ ರಿಪೇರಿ ಇದೆ, ಒಂದು ತಿಂಗಳು ಬರಬೇಡಮ್ಮ” ಎಂದು ನಿನ್ನೆ ಹೇಳಿದಿರಿ. ಬೀಗದಕೈ ನನ್ನಲ್ಲೇ ಉಳಿದಿದೆ. ಸೋಮವಾರ ಎಂಟಕ್ಕೆ ತರುತ್ತೇನೆ.

ಮಂಗಳವಾರ ಬಚಾತಾ ಹಾಡು ರೆಕಾರ್ಡ್ ಆಗುತ್ತಿದ್ದಾಗ ಕೇಳಿ, “ಗ್ವೀರಾದ ತಗಡು ಕೆರೆಯೋ ಸದ್ದು ಈ ಸಲ ಕಿವಿಗೆ ಚುಚ್ಚಲೇ ಇಲ್ಲ. ನಮ್ಮ ಊರ್ಬಾನೊ ಕೈಗುಣ” ಎಂದು ನಿಮ್ಮ ಸೋದರಳಿಯನನ್ನು ಹೊಗಳಿದಿರಿ. ಅವನು ಕಾಫಿಗೆ ಹೋಗಿದ್ದಾಗ ಗ್ವೀರಾದ ಮುಂದೆ ಮೈಕ್ ಇಟ್ಟವಳು ನಾನು. ಎಂಟು ತಿಂಗಳು ಕೇಬಲ್ ಸುತ್ತುತ್ತ, ನಿಮ್ಮ ಕೈ ನೋಡಿ ಕಲಿತದ್ದು.

ಹಾಡು ಮುಗಿದ ಮೇಲೆ ನೀವು ಅದೇ ಮೈಕಿನ ಪಕ್ಕ ನಿಂತು, ಗ್ವೀರಾ ನುಡಿಸುವ ನಿಕಾನೋರನಿಗೆ, “ಆ ಹುಡುಗಿಗೆ ಕಿವೀನೇ ಇಲ್ಲ ಕಣಯ್ಯ. ರಿಪೇರಿ ಅಂತ ಹೇಳಿ ಸಾಗಹಾಕ್ತೀನಿ” ಎಂದಿರಿ. ರೆಕಾರ್ಡಿಂಗ್ ನಿಲ್ಲಿಸುವುದನ್ನು ಊರ್ಬಾನೊ ಮರೆತಿದ್ದ.

ಅದನ್ನು ನಾನು ಅಳಿಸಿಲ್ಲ, ಯಾರಿಗೂ ಕೇಳಿಸಿಲ್ಲ. ಸೋಮವಾರ ನೀವೇ ಹೆಡ್‌ಫೋನ್ ಹಾಕಿಕೊಂಡು ಕೇಳಿ. ನೀವು ಪಿಸುಗುಟ್ಟಿದ್ದೂ ಒಂದಕ್ಷರ ಬಿಡದೆ ಬಂದಿದೆ, ಎಲ್ಲೂ ದನಿ ಒಡೆದಿಲ್ಲ. ಕೇಳಿದ ಮೇಲೂ ನನಗೆ ಕಿವಿಯಿಲ್ಲ ಅನ್ನಿಸಿದರೆ ಬೀಗದಕೈ ತೆಗೆದುಕೊಳ್ಳಿ.

ಇನ್ನೂ ನಿಮ್ಮ ಶಿಷ್ಯೆ,
ಯುದೆಲ್ಕಾ